ಸೋಮವಾರ ಹೂಡದ ಕಾರು

ನಮ್ಮ ಸೋದರಮಾವನ ಕಾರನ್ನು ಒಮ್ಮೆಯೂ ನೂಕದ ಗಂಡಸು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಎಲ್ಲಿಯಾದರೂ ಇದ್ದರೆ, ಅವರು ದಯವಿಟ್ಟು ನನಗೊಂದು ಕಾರ್ಡು ಬರೆಯಬೇಕು. ನನ್ನ ಡೈರಿ ತಪ್ಪೆಂದು ತಕ್ಷಣ ಒಪ್ಪಿಕೊಳ್ಳುತ್ತೇನೆ. ಡೈರಿಯ ಪ್ರಕಾರ, ಕಾರು ಮನೆಗೆ ಬಂದ ಮೊದಲ ಹತ್ತು ವಾರಗಳಲ್ಲಿ ಅದು ಮನೆ ಬಿಟ್ಟು ಹೊರಟದ್ದು ನಲವತ್ತೊಂದು ಸಲ. ಹೋದ ಕಡೆಯಿಂದ ವಾಪಸು ಬರಲೊಲ್ಲೆ ಎಂದು ಹಟ ಹಿಡಿದದ್ದು ಹತ್ತೊಂಬತ್ತು ಸಲ. ನೂಕಿದವರು ಒಟ್ಟು ನೂರ ಹನ್ನೆರಡು ಮಂದಿ. ಇವರಲ್ಲಿ ಇಬ್ಬರು ಪೊಲೀಸರು, ಒಬ್ಬರು ಶಾಲಾ ತನಿಖೆಗೆ ಹೊರಟಿದ್ದ ಸಾಹೇಬರು, ಆರು ಜನ ಬ್ಯಾಂಡಿನವರು. ಬ್ಯಾಂಡಿನವರು ನೂಕುತ್ತ ಊದಿದರೇ ಎಂದು ನೀವು ಕೇಳಬಹುದು. ಸರದಿಯ ಮೇಲೆ ನಾಲ್ವರು ನೂಕಿದರು, ಇಬ್ಬರು ಊದಿದರು!

ಮಾಮನ ಹೆಸರು ಹೇಳುವುದಿಲ್ಲ. ನಾನು ಅವನ ಮನೆಯಲ್ಲೇ ಉಂಡು ಕಾಲೇಜಿಗೆ ಹೋಗುವವನು. ಹೆಸರು ಹೇಳಿದರೆ ನಾಳೆಯಿಂದ ಬರೀ ಕಾಲೇಜು. ವೃತ್ತಿಯಿಂದ ಅವನು ಹತ್ತಿ ದಲ್ಲಾಳಿ. ಆದರೆ ಹುಟ್ಟಿ ಬೆಳೆದದ್ದು ಹಚ್ಚೊಳ್ಳಿಯಲ್ಲಿ, ಎತ್ತುಗಳ ನಡುವೆ. ಬಳ್ಳಾರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ, ಬೀದಿಯಲ್ಲಿ ಒಂದು ಒಳ್ಳೆಯ ಜೋಡಿ ಹಾದುಹೋದರೆ ಮಾತು ಅರ್ಧಕ್ಕೆ ಬಿಟ್ಟು ಹಿಂದೆ ಹೋಗಿಬಿಡುತ್ತಾನೆ. ಅವನಿಗೆ ಗೊತ್ತಿರುವ ವಾಹನ ಎತ್ತು, ಗೊತ್ತಿರುವ ವೈದ್ಯ ಎತ್ತಿನ ವೈದ್ಯ. ಅಂಥವನು ಮೂರು ವರ್ಷ ಕಾದು ಒಂದು ಪುಟ್ಟ ಬಿಳಿ ಕಾರು ತಂದ.

ಊರಿನ ಉಳಿದ ಕಾರುಗಳೆಲ್ಲ ಹಡಗಿನಷ್ಟು ಉದ್ದ. ಇದು ಮುಂದಿನ ಗಾಜು ಮುಗಿಯುವಷ್ಟರಲ್ಲಿ ಹಿಂದಿನ ಗಾಜು ಶುರು. ನೋಡಲು ಬಂದ ಓಣಿಯವರು ಬಾಗಿಲು ತೆರೆದು, ಬಾಗಿಲು ಹಾಕಿ, ಇನ್ನೊಂದು ಅರ್ಧ ಯಾವಾಗ ಬರುತ್ತದೆ ಎಂದು ವಿಚಾರಿಸಿದರು. ಮಾಮ ಕಾರನ್ನು ಮೂರು ಸುತ್ತು ಬಂದ. ಒಂದೊಂದು ಗಾಲಿಯ ಮುಂದೂ ಕುಕ್ಕರಗಾಲಲ್ಲಿ ಕೂತು ಗೊರಸು ನೋಡುವ ಹಾಗೆ ನೋಡಿದ. ಬಾನೆಟ್ ಎತ್ತಿಸಿ ಒಳಗೆ ಇಣುಕಿದ. ಕೊನೆಗೆ ಅದರ ಬೆನ್ನು ಚಪ್ಪರಿಸಿ ಹೇಳಿದ:

"ಇನ್ನೂ ಹಾಲುಹಲ್ಲಿನ ಹೋರಿ ಐತಿ. ಈಗಿಂದೀಗ ಜಗ್ಗಿ ಹೊಡೆಯಂಗಿಲ್ಲ."

ಜಗ್ಗಿ ಹೊಡೆಯಲಿಲ್ಲ ಕೂಡ. ಮೊದಲ ಸಾವಿರ ಕಿಲೋಮೀಟರು ನಲವತ್ತರ ವೇಗ ದಾಟಬಾರದೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿತ್ತು. ಮಾಮ ಅದನ್ನು ಇಪ್ಪತ್ತಕ್ಕೆ ಇಳಿಸಿಕೊಂಡ. ಎರಡನೆಯ ದಿನ ಸಂಗನಕಲ್ಲಿನ ದಾರಿಯಲ್ಲಿ ನಮ್ಮನ್ನು ದಾಟಿದವರ ಪಟ್ಟಿ ಡೈರಿಯಲ್ಲಿದೆ: ಬಸ್ಸು ನಾಲ್ಕು, ಸೈಕಲ್ಲು ಹನ್ನೊಂದು, ಜಟಕಾ ಒಂದು. ಜಟಕಾದವನು ದಾಟುವ ಮೊದಲು ಪಕ್ಕಕ್ಕೆ ಬಂದು, ಏನಾದರೂ ಕೆಟ್ಟಿದೆಯೇ, ಕಟ್ಟಿ ಎಳೆಯಲೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಅವನ ಕುದುರೆ ಕೂಡ ನಮ್ಮತ್ತ ತಿರುಗಿ ನೋಡಿತು.

ಆ ಪುಸ್ತಕ ಇಂಗ್ಲಿಷಿನಲ್ಲಿತ್ತು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಅದರ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಮಾಮ ವಿಭೂತಿ ಧರಿಸಿ, ಕಂಬಕ್ಕೆ ಒರಗದೆ, ನೆಟ್ಟಗೆ ಕೂತು ಕೇಳುತ್ತಿದ್ದ. ನಾಲ್ಕನೆಯ ದಿನದಿಂದ ಪಕ್ಕದ ಮನೆಯ ನಿವೃತ್ತ ಮಾಸ್ತರರು ಬರತೊಡಗಿದರು. ಮೊದಲ ವಾರ ಮುಗಿಯುವಷ್ಟರಲ್ಲಿ ಶ್ರೋತೃಗಳು ಒಂಬತ್ತು ಮಂದಿ. ಗಾಲಿಗೆ ಎಷ್ಟು ಗಾಳಿ ಎಂಬ ಅಧ್ಯಾಯದ ದಿನ ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು. ನಾನು ಪುಸ್ತಕ ಮಡಚಿದಾಗ, ಮುಂದೆ ಏನಾಯಿತು ಎಂದು ಕೇಳಿದರು. ಏನಾಗುತ್ತದೆ ಸ್ವಾಮಿ? ಗಾಳಿ ಹಾಕಿಸಿದರೆ ಮುಗಿಯಿತು!

ಪುಸ್ತಕದಲ್ಲಿ ಎರಡು ಸಂಗತಿ ಇರಲಿಲ್ಲ. ಬರೆದವರು ಮರೆತಿದ್ದಾರೆ ಎಂದು ಮಾಮನ ತೀರ್ಮಾನ. ಒಂದು, ಸೋಮವಾರದ ರಜೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆದ್ದರಿಂದ ಕಾರಿಗೂ ಸೋಮವಾರ ವಿಶ್ರಾಂತಿ. ಆ ದಿನ ಹತ್ತಿ ಮಾರುಕಟ್ಟೆಗೆ ಮಾಮ ನಡೆದೇ ಹೋಗುತ್ತಿದ್ದ, ಕಾರು ಜಗಲಿಯ ಮುಂದೆ ಹೂವು ಮುಡಿದು ನಿಂತಿರುತ್ತಿತ್ತು.

ಎರಡನೆಯದು ಕಂಬಳಿ. ದುಡಿದು ಬೆವರಿದ ಎತ್ತಿನ ಮೈಗೆ ಗಾಳಿ ಬಡಿಯಬಾರದೆಂದು ಹಚ್ಚೊಳ್ಳಿಯಲ್ಲಿ ಅದರ ಬೆನ್ನಿಗೆ ಕಂಬಳಿ ಹೊದಿಸುತ್ತಾರೆ. ಕಾರು ನಿಲ್ಲಿಸಿದ ಕೂಡಲೇ ಮಾಮ ಬಾನೆಟ್ ಮುಟ್ಟಿ ನೋಡುತ್ತಿದ್ದ. ಬಿಸಿ ಇದ್ದೇ ಇರುತ್ತದಲ್ಲ! ಹಿಂದಿನ ಸೀಟಿನಿಂದ ದಪ್ಪ ಕರಿ ಕಂಬಳಿ ತೆಗೆದು, ಬಾನೆಟ್ಟಿನ ಮೇಲೆ ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸಿ, ಮೇಲೊಮ್ಮೆ ಕೈಯಾಡಿಸಿ ಆಮೇಲೆ ತನ್ನ ಕೆಲಸಕ್ಕೆ ಹೋಗುತ್ತಿದ್ದ. ತೆಕ್ಕಲಕೋಟೆಯ ಚಹಾದಂಗಡಿಯ ಮುಂದೆ ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತ ಕಾರನ್ನು ನೋಡಲು ಜನ ಚಹಾ ಬಿಟ್ಟು ಬರುತ್ತಿದ್ದರು.

ಕಾರಿನ ಕಾಯಿಲೆ ಶುರುವಾದದ್ದು ಎರಡನೆಯ ವಾರ. ಮನೆಯಿಂದ ಹೊರಡುವಾಗ ಯಾವ ತಕರಾರೂ ಇಲ್ಲ; ಒಂದೇ ತಿರುವಿಗೆ ಗುರ್ರ್ ಎನ್ನುತ್ತಿತ್ತು. ದಾರಿಯಲ್ಲೂ ಸರಿ. ಆದರೆ ಎಲ್ಲಾದರೂ ಅರ್ಧ ತಾಸು ನಿಂತು ಮತ್ತೆ ಹೊರಟರೆ ಕೆಮ್ಮು, ಸೀನು, ಮೌನ. ಜನ ಸೇರಿ, ನೂಕಿ, ಬೆವರಿ, ಅದರ ವಂಶವನ್ನೆಲ್ಲ ಬೈದ ಮೇಲೆ ಹೊರಡುತ್ತಿತ್ತು. ಕೌಲ್ ಬಜಾರಿನ ಗ್ಯಾರೇಜಿನ ಮಿಸ್ತ್ರಿಗೆ ಹೇಳಿಕಳಿಸಿದರೆ ಅವರು ಬರಲು ಎರಡು ತಾಸು. ಬಂದು, ಕಂಬಳಿ ತೆಗೆದು, ಬಾನೆಟ್ ಎತ್ತಿ, ಬೀಡಿ ಹಚ್ಚಿ, ಬೀಡಿ ಮುಗಿಸಿ ಕೀಲಿ ತಿರುವಿದರೆ ಕಾರು ಒಂದೇ ಏಟಿಗೆ ಹೊರಡುತ್ತಿತ್ತು! ಡಾಕ್ಟರರ ಮುಖ ನೋಡಿದೊಡನೆ ಜ್ವರ ಬಿಡುವ ರೋಗಿಗಳಿರುತ್ತಾರಲ್ಲ, ಆ ಜಾತಿ. ಮಿಸ್ತ್ರಿ ಸಾಹೇಬರು ಮೂರು ಸಲ ಬಂದು ಮೂರು ಸಲವೂ ನಮ್ಮನ್ನು ಅನುಮಾನದಿಂದ ನೋಡಿ ಹೋದರು.

ಮಾಮ ತನ್ನದೇ ಪರೀಕ್ಷೆ ನಡೆಸಿದ. ಅವನ ಪ್ರಕಾರ ಇದು ಗಾಳಿ ಬಡಿದದ್ದೇ, ಸಂಶಯವಿಲ್ಲ. ಮರುದಿನ ಇನ್ನೊಂದು ಕಂಬಳಿ ತಂದ. ಎರಡು ಕಂಬಳಿ ಹೊದಿಸಿದ ಮೇಲೆ ಕಾಯಿಲೆ ಎರಡು ಪಟ್ಟಾಯಿತು. ಮೂರನೆಯ ಕಂಬಳಿಗೆ ಅವನು ಪೇಟೆಗೆ ಹೊರಟಾಗ ಅತ್ತೆ ಬಾಗಿಲಲ್ಲಿ ಅಡ್ಡ ನಿಂತಳು. ಮನೆಯವರಿಗೇ ಇಷ್ಟು ಹೊದಿಕೆ ಇಲ್ಲ ಎಂದು ಮಾತ್ರ ಹೇಳಿದಳು.

ಅತ್ತೆಯ ವಿಷಯ ಹೇಳಬೇಕು. ಚಿಕ್ಕಂದಿನ ಜ್ವರವೊಂದರಲ್ಲಿ ಅವಳ ಎಡಗಾಲು ಸಣಕಲಾಗಿ ಉಳಿದುಬಿಟ್ಟಿತು. ಮನೆಯೊಳಗೆ ಅವಳ ಓಡಾಟಕ್ಕೆ ನಾವು ಯಾರೂ ಸಮನಲ್ಲ. ಆದರೆ ಬಸ್ಸಿನ ಮೆಟ್ಟಿಲು ಅವಳ ಸೊಂಟದೆತ್ತರ. ಹನ್ನೊಂದು ವರ್ಷದ ಹಿಂದೆ ತವರುಮನೆ ಸಿರುಗುಪ್ಪಕ್ಕೆ ಹೊರಟಾಗ ಕಂಡಕ್ಟರೂ ಇನ್ನೊಬ್ಬನೂ ಎರಡೂ ತೋಳು ಹಿಡಿದು ಹತ್ತಿ ಮೂಟೆಯ ಹಾಗೆ ಅವಳನ್ನು ಮೇಲಕ್ಕೆತ್ತಿ ಇಟ್ಟರಂತೆ. ಬಸ್ಸಿನ ತುಂಬ ಜನ ನೋಡುತ್ತಿದ್ದರಂತೆ. ಅವತ್ತಿನಿಂದ ಅವಳು ಬಸ್ಸು ಹತ್ತಿಲ್ಲ. ಬಾಡಿಗೆ ಕಾರು ತರುತ್ತೇನೆ ಎಂದು ಮಾಮ ಎಷ್ಟು ಸಲ ಹೇಳಿದರೂ ಅವಳದು ಒಂದೇ ಉತ್ತರ: "ಒಂದು ಕಾಲಿನ ಸಲುವಾಗಿ ನಾಕು ಗಾಲಿ ಬಾಡಿಗಿ ಹಿಡಿಯೋದು ಬ್ಯಾಡ್ರಿ." ಅವಳ ಅಣ್ಣನ ಹಿರಿಮಗಳ ಮದುವೆಯಲ್ಲಿ ಸೋದರತ್ತೆ ಬೆಳಗಬೇಕಾದ ಆರತಿಯನ್ನು ಬೇರೆ ಯಾರೋ ಬೆಳಗಿದರು. ಅವತ್ತು ಅತ್ತೆ ಮನೆಯ ಪಾತ್ರೆಗಳನ್ನೆಲ್ಲ, ತೊಳೆದವನ್ನೂ ಸೇರಿಸಿ, ಮತ್ತೆ ತೊಳೆದಳು.

ಕಾರು ಕೊಳ್ಳಲು ಹೋದ ಅಂಗಡಿಯಲ್ಲಿ ಮಾಮ ಇಂಜಿನ್ನನ್ನು ನೋಡಲಿಲ್ಲ. ಮುಂದಿನ ಬಾಗಿಲು ತೆರೆದು, ನೆಲದಿಂದ ಸೀಟಿಗೆ ಎಷ್ಟು ಗೇಣು ಎಂದು ಅಳೆದ. ಸರಿಯಾಗಿ ನಮ್ಮ ಮನೆಯ ಜಗಲಿಯಷ್ಟು. ಹಿಂತಿರುಗಿ ಕೂತು ಕಾಲನ್ನು ಒಳಗೆ ಎಳೆದುಕೊಂಡರೆ ಸಾಕು, ಯಾರೂ ಎತ್ತಬೇಕಿಲ್ಲ.

ಈಗ ವೈಶಾಖದಲ್ಲಿ ಅಣ್ಣನ ಕಿರಿಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಊರು ಕುರುಗೋಡು, ಮದುವೆಯೂ ಅಲ್ಲೇ. ಬೆಳಿಗ್ಗೆ ಸಿರುಗುಪ್ಪದಲ್ಲಿ ಮದುಮಗಳಿಗೆ ಸೋದರತ್ತೆ ಆರತಿ ಬೆಳಗಿ ಮನೆಯಿಂದ ಹೊರಡಿಸಬೇಕು, ಹನ್ನೊಂದೂವರೆಯ ಮುಹೂರ್ತಕ್ಕೆ ಕುರುಗೋಡಿನಲ್ಲಿ ಮತ್ತೆ ಬೆಳಗಬೇಕು. ಅಂದರೆ ಸಿರುಗುಪ್ಪದಲ್ಲಿ ಅರ್ಧ ತಾಸು ನಿಲ್ಲಬೇಕು; ಈ ಕಾರಿಗೆ ಆಗಿಬಾರದ ಅದೇ ಅರ್ಧ ತಾಸು! ಅದೂ ವೈಶಾಖದ ಬಿಸಿಲಿನಲ್ಲಿ, ಇಡೀ ತವರಿನ ಎದುರಿಗೆ.

ಮದುವೆಗೆ ಒಂಬತ್ತು ದಿನ ಇರುವಾಗ ಊಟದ ಹೊತ್ತಿನಲ್ಲಿ ಅತ್ತೆ ಮಾತೆತ್ತಿದಳು.

"ನಾ ಬರಂಗಿಲ್ರಿ. ನೀವು, ಅಳಿಯ ಇಬ್ರೂ ಹೋಗಿ ಬರ್ರಿ."

ಮಾಮ ರೊಟ್ಟಿ ಮುರಿಯುತ್ತಿದ್ದವನು ಕೈ ತಡೆದ. "ಕಾರು ಐತಲ್ಲ."

"ಕಾರು ಐತಿ. ನಡು ದಾರ್ಯಾಗ ನಿಂತ್ರ ನನ್ನ ಇಳಸ್ತೀರಿ. ರೇಷ್ಮಿ ಸೀರಿ ಉಟ್ಟು, ಕುಂಟುಕೋತ ರಸ್ತಿ ಬಾಜೂಕ ನಿಂದ್ರಬೇಕು, ಮಂದಿ ಕಾರು ನೂಕ್ಕೋತ ನನ್ನ ನೋಡಬೇಕು. ಬಸ್ಸಿನ್ಯಾಗ ಒಮ್ಮಿ ಆಗೈತಿ. ಸಾಕು."

ಅವಳು ಸಾರು ಬಡಿಸಿ ಒಳಗೆ ಹೋದಳು. ಮಾಮ ಉಣ್ಣಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ. ಆಮೇಲೆ ಕೈತೊಳೆದು ಬಂದು, "ಲೇ ಅಳಿಯಾ, ನಿನ್ನ ಪುಸ್ತಕ ತಗಿ" ಎಂದ.

ಅಲ್ಲಿಯವರೆಗೆ ನನ್ನ ಡೈರಿಯನ್ನು ಕಂಡರೆ ಅವನಿಗೆ ತಮಾಷೆ. ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ನಿಂತೆವು, ಎಷ್ಟು ನಿಮಿಷ, ಹೊರಟಿತೋ ಇಲ್ಲವೋ, ಎಷ್ಟು ಜನ ನೂಕಿದರು, ಎಲ್ಲ ಅದರಲ್ಲಿದೆ. ಇಬ್ಬರೂ ಜಗಲಿಯ ಮೇಲೆ ಕೂತು ನಲವತ್ತೊಂದು ಪಯಣಗಳನ್ನು ಎಲ್ಲ ಬಗೆಯಲ್ಲೂ ವಿಂಗಡಿಸಿದೆವು. ವಾರದ ದಿನದ ಮೇಲೆ ನೋಡಿದೆವು, ಏನೂ ಇಲ್ಲ. ದಿಕ್ಕಿನ ಮೇಲೆ ನೋಡಿದೆವು. ಉತ್ತರಕ್ಕೂ ಅಷ್ಟೆ, ದಕ್ಷಿಣಕ್ಕೂ ಅಷ್ಟೆ. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರು ಎಂದೂ ನೋಡಿದೆವು. ಪಕ್ಕದ ಮಾಸ್ತರರು ಬಂದ ಐದೂ ಸಲ ಕಾರು ನಿಂತಿತ್ತು. ಮಾಮ ಬಹಳ ಹೊತ್ತು ಮಾಸ್ತರರ ಮನೆಯ ಕಡೆ ನೋಡಿದ. ಅದೃಷ್ಟಕ್ಕೆ ಅವರು ಬರದೆಯೂ ಹದಿನಾಲ್ಕು ಸಲ ನಿಂತಿತ್ತು; ಇಲ್ಲದಿದ್ದರೆ ಎರಡು ಮನೆಗಳ ಸ್ನೇಹ ಅವತ್ತೇ ಮುಗಿಯುತ್ತಿತ್ತು.

ಕೊನೆಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ವಾರದಲ್ಲಿ ಮೂರು ಸಲ ರೂಪನಗುಡಿಗೆ ಹೋಗಿದ್ದೆವು. ಮೂರು ಸಲವೂ ಅರ್ಧ ತಾಸು ನಿಂತಿದ್ದೆವು. ಮೂರು ಸಲವೂ ಒಂದೇ ತಿರುವಿಗೆ ಹೊರಟಿತ್ತು. ರೂಪನಗುಡಿಯ ಗಾಳಿ ಒಳ್ಳೆಯದು ಎಂದು ಮಾಮ ಹೇಳಿದ. ನಾನು ಅದನ್ನೂ ಬರೆದುಕೊಂಡೆ.

"ಯಾವ ವಾರ ಅದು?" ಒಳಗಿನಿಂದ ಅತ್ತೆಯ ದನಿ.

ಯುಗಾದಿಯ ಹಿಂದಿನ ವಾರ ಎಂದೆ.

ಅತ್ತೆ ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಆ ವಾರ ನನಗ ಚಳಿಜ್ವರ ಇತ್ತು. ಎರಡೂ ಕಂಬಳಿ ನನ್ನ ಮೈಮ್ಯಾಲೆ ಇದ್ದವು."

ಅವಳೇ ಮುಂದುವರಿಸಿದಳು:

"ಬಿಸಿ ಅನ್ನದ ಗಡಿಗಿಗೆ ಕಂಬಳಿ ಸುತ್ತಿಟ್ರ ಅನ್ನ ಆರತೈತೇನ್ರಿ? ಬಿಸಿ ಹಂಗ ಇರ್ಲಿ ಅಂತನ ಸುತ್ತಿಡೋದು."

ಹತ್ತು ವಾರಗಳಿಂದ ಪ್ರತಿ ನಿಮಿಷ ಬರೆದಿಟ್ಟ ನಾನು ಒಂದು ಕಡೆಯೂ ಕಂಬಳಿ ಎಂದು ಬರೆದಿರಲಿಲ್ಲ! ಮರುದಿನ ಬೆಳಿಗ್ಗೆಯೇ ಮಿಸ್ತ್ರಿ ಸಾಹೇಬರ ಬಳಿಗೆ ಹೋದೆವು. ಅವರು ಪೂರ್ತಿ ಕೇಳಿ, ಬೀಡಿ ಬಾಯಿಂದ ತೆಗೆದು, ಮಾಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಿಂತ ಮೇಲೆ ಇಂಜಿನ್ನಿನ ಕಾವು ಹೊರಗೆ ಹೋಗದಿದ್ದರೆ ಪೈಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ, ಆವಿಯಿಂದ ಕಾರು ಓಡುವುದಿಲ್ಲ ಎಂದು ವಿವರಿಸಿದರು. ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿಡಿ, ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅಷ್ಟೇ ಔಷಧ.

"ಬಳ್ಳಾರಿ ಬಿಸಿಲಾಗ ಮನುಷ್ಯಾರಿಗ ಉಸಿರಾಡಾಕ ಆಗಂಗಿಲ್ಲ, ಸಾವ್ಕಾರ್ರ," ಎಂದರು ಕೊನೆಗೆ. "ನೀವು ಅದಕ್ಕ ಕಂಬಳಿ ಹೊಚ್ಚೀರಿ?"

ನಿಲ್ಲಿಸಿದ ಕಾರಿನ ಬಾನೆಟ್ಟನ್ನು ಬಿಸಿಗಾಳಿಗೆ ತೆರೆದಿಡುವುದು ಮಾಮನಿಗೆ ಎಷ್ಟು ಕಷ್ಟವಾಯಿತೆಂದರೆ, ಮೊದಲ ದಿನ ತೆಕ್ಕಲಕೋಟೆಯಲ್ಲಿ ಅವನು ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಅರ್ಧ ತಾಸಾಯಿತು. ಕೀಲಿ ತಿರುವಿದ. ಹೊರಟಿತು. ಎಂಟು ದಿನದಲ್ಲಿ ಏಳು ಪರೀಕ್ಷೆ ನಡೆಸಿದೆವು, ಏಳರಲ್ಲೂ ಹೊರಟಿತು. ಎಂಟನೆಯ ದಿನ ಕಂಬಳಿಗಳು ಒಗೆಸಿಕೊಂಡು, ಮಡಚಿಸಿಕೊಂಡು, ಪೆಟ್ಟಿಗೆ ಸೇರಿದವು.

ಆದರೆ ಇನ್ನೊಂದು ಗಂಡಾಂತರವಿತ್ತು. ಲಗ್ನಪತ್ರಿಕೆ ನೋಡಿದಾಗಿನಿಂದ ನನಗೆ ಅದು ಗೊತ್ತು, ಬಾಯಿಬಿಡಲು ಧೈರ್ಯವಿರಲಿಲ್ಲ. ಮುನ್ನಾದಿನ ಸಂಜೆ ಹೇಳಿಯೇಬಿಟ್ಟೆ: ಮಾಮ, ನಾಳೆ ಸೋಮವಾರ.

ಮಾಮ ಗಾಜು ಒರೆಸುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಸೋಮವಾರ ರಜಾ ಇರೋದು ಎತ್ತಿಗಿ," ಎಂದ. "ಇದು ಕಾರು, ಅಳಿಯಾ."

ಅವನ ಬಾಯಲ್ಲಿ ಈ ಮಾತು ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದಳು. ಮಾಮ ಬಾಗಿಲು ತೆರೆದು ದೂರ ಸರಿದು ನಿಂತ. ಕೈ ಹಿಡಿಯಲು ಹೋಗಲಿಲ್ಲ. ಅವಳು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತಳು, ಎಡಗಾಲನ್ನು ಎರಡೂ ಕೈಯಿಂದ ಒಳಗೆ ಎತ್ತಿಟ್ಟುಕೊಂಡಳು, ಸೆರಗು ಸರಿಮಾಡಿಕೊಂಡಳು. ಅಷ್ಟೇ. ಓಣಿಯವರು ಯಾರೂ ತಿರುಗಿ ಸಹ ನೋಡಲಿಲ್ಲ. ಮಾಮನ ಮುಖ ನೋಡಬೇಕಿತ್ತು ನೀವು!

ಎಂಟಕ್ಕೆ ಸಿರುಗುಪ್ಪ. ಅತ್ತೆಯ ಅಣ್ಣ ಬೀದಿಗೇ ಬಂದು ತಂಗಿಯನ್ನು ಕಂಡು, ಕಾರು ಬಹಳ ಚಲೋ ಇದೆ ಎಂದ. ಹೆಂಗಸರೆಲ್ಲ ಅವಳನ್ನು ಸುತ್ತಿಕೊಂಡು ಒಳಗೆ ಹೋದರು. ಮಾಮ ಮಾತ್ರ ಒಳಗೆ ಹೋಗಲಿಲ್ಲ. ಬಾನೆಟ್ ಎತ್ತಿಟ್ಟ, ಒದ್ದೆ ಬಟ್ಟೆ ಹಾಕಿದ, ಯಾರದೋ ಮನೆಯಿಂದ ಬೀಸಣಿಗೆ ಇಸಿದುಕೊಂಡು ಇಂಜಿನ್ನಿಗೆ ಗಾಳಿ ಬೀಸತೊಡಗಿದ. ಮನೆಯವರು ಉಪ್ಪಿಟ್ಟು ತಂದರೆ ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಲ್ಲಿ ಬೀಸುತ್ತಲೇ ಇದ್ದ. ತಿನ್ನಲು ಮೂರನೆಯ ಕೈ ಇರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಜನ ಸೇರತೊಡಗಿತು. ಹಿಂದೆ ನೂಕಿದವರಲ್ಲಿ ಹದಿನಾರು ಜನ ಸಿರುಗುಪ್ಪದವರು. ಅವರಲ್ಲಿ ಹನ್ನೊಂದು ಮುಖಗಳನ್ನು ನಾನು ಗುರುತಿಸಿದೆ. ಒಬ್ಬ ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದ. ಇನ್ನೊಬ್ಬ ತೋಳು ಮಡಚಿ ಕಾರಿನ ಹಿಂದೆ ತನ್ನ ಜಾಗ ಹಿಡಿದಿದ್ದ. ಆರತಿ ಮುಗಿದು, ಮದುಮಗಳ ಬಸ್ಸು ಹೊರಟು, ಅತ್ತೆ ಅಣ್ಣನ ಜೊತೆ ಬಾಗಿಲಿಗೆ ಬಂದಳು. ಹಿಂದೆ ನಿಂತವರನ್ನು ಕಂಡು ಅಲ್ಲೇ ನಿಂತುಬಿಟ್ಟಳು.

ತೋಳು ಮಡಚಿದವನು ಬಹಳ ವಿನಯದಿಂದ, "ನೂಕೂಣೇನ್ರಿ, ಸಾವ್ಕಾರ್ರ?" ಎಂದ.

"ತಡಿಯೋ," ಎಂದ ಮಾಮ.

ಬೀಸಣಿಗೆ ನನ್ನ ಕೈಗೆ ಕೊಟ್ಟ. ಬಾನೆಟ್ ಇಳಿಸಿದ. ಒಳಗೆ ಕೂತ. ಮೂವತ್ತೇಳು ನಿಮಿಷ ನಿಂತಿತ್ತು ಕಾರು. ನನ್ನ ಗಡಿಯಾರ ನನ್ನ ಕೈಯಲ್ಲೇ ಇತ್ತು. ಅತ್ತೆಯ ಕಡೆ ಅವನು ನೋಡಲಿಲ್ಲ, ಅತ್ತೆ ಅವನ ಕಡೆಯೇ ನೋಡುತ್ತಿದ್ದಳು. ಕೀಲಿ ತಿರುವಿದ.

ಒಂದೇ ತಿರುವು. ಗುರ್ರ್ ಎಂದಿತು!

ಹನ್ನೊಂದು ಜನರ ಮುಖ ಬಾಡಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಪಂಚೆ ಕಟ್ಟಿದವನು ಮನಸ್ಸು ತಡೆಯದೆ ಹಿಂದಿನಿಂದ ಒಂದು ಸಣ್ಣ ನೂಕು ಕೊಟ್ಟೇಬಿಟ್ಟ. ಅದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ಅತ್ತೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಎಲ್ಲರ ಎದುರಿಗೆ ಕುಂಟುತ್ತಲೇ ನಡೆದು ಬಂದು ಮುಂದಿನ ಸೀಟಿನಲ್ಲಿ ಕೂತಳು. ಕುರುಗೋಡಿನ ಗುಡಿಯ ಮುಂದೆ ನಾವು ಇಳಿದಾಗ ಮುಹೂರ್ತಕ್ಕೆ ಇನ್ನೂ ಒಂದು ತಾಸು ಹತ್ತು ನಿಮಿಷ ಇತ್ತು. ಮದುಮಗಳ ಬಸ್ಸನ್ನು ಮಾಮ ದಾರಿಯಲ್ಲಿ ದಾಟಿ ಬಂದಿದ್ದ. ಹೌದು, ನಮ್ಮ ಮಾಮನೇ! ಸೋದರತ್ತೆಯ ಆರತಿಯನ್ನು ಸೋದರತ್ತೆಯೇ ಬೆಳಗಿದಳು. ಆ ಹೊತ್ತಿನಲ್ಲಿ ಮಾಮ ಎಲ್ಲಿದ್ದ ಎಂದು ಕೇಳುತ್ತೀರಾ? ಕಾರಿನ ಹತ್ತಿರ ಅಲ್ಲ. ಮಂಟಪದ ಮುಂದೆ, ಹೆಂಗಸರ ಸಾಲಿನಲ್ಲಿ, ಯಾರು ಬೈದರೂ ಸರಿಯದೆ ನಿಂತಿದ್ದ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬಳ್ಳಾರಿ ಮುಟ್ಟಿದೆವು. ಮನೆಯ ಮುಂದೆ ಮಾಮ ಇಂಜಿನ್ ಆರಿಸಿ, ಸುತ್ತಿ ಬಂದು ಅತ್ತೆಯ ಕಡೆಯ ಬಾಗಿಲು ತೆರೆದ. ಅವಳು ಇಳಿಯಲಿಲ್ಲ. ಕೈಯಲ್ಲಿದ್ದ ಮದುವೆಯ ತೆಂಗಿನಕಾಯಿಯನ್ನು ತಿರುಗಿಸುತ್ತ ಎದುರಿಗೆ ಕಾಣುವ ಕೋಟೆಗುಡ್ಡವನ್ನು ನೋಡುತ್ತಿದ್ದಳು.

"ಏನ್ರಿ," ಎಂದಳು, "ಆ ಗುಡ್ಡದ ಹಿಂದ ಏನೈತಿ?"

"ಏನಿಲ್ಲ. ರಸ್ತಿ ಐತಿ, ಮನಿ ಅದಾವು. ಯಾಕ?"

"ಇಪ್ಪತ್ತೆರಡು ವರ್ಷ ಆತು ಈ ಊರಿಗಿ ಬಂದು. ಈ ಕಡಿ ಒಂದ ನೋಡೀನಿ."

ಮಾಮ ಬಾಗಿಲನ್ನು ಮೆಲ್ಲಗೆ ಹಾಕಿ ನನ್ನ ಕಡೆ ತಿರುಗಿದ.

"ಲೇ ಅಳಿಯಾ, ನೀ ಇಳಿ."

ಇಳಿದೆ. ಕಾರು ಗುಡ್ಡದ ಕಡೆ ಹೊರಳಿತು. ಗುಡ್ಡ ಸುತ್ತಿ ಬರಲು ಕಾಲು ತಾಸು ಸಾಕು. ಅವರು ಬಂದಾಗ ಓಣಿಯಲ್ಲಿ ದೀಪ ಹತ್ತಿದ್ದವು. ಅತ್ತೆ ಕಿಟಕಿಯ ಗಾಜು ಪೂರ್ತಿ ಇಳಿಸಿ ಮೊಣಕೈ ಹೊರಗಿಟ್ಟು ಕೂತಿದ್ದಳು, ಮಾಮ ಮನೆಯ ಮುಂದೆ ನಿಲ್ಲಿಸದೆ ನನ್ನನ್ನು ನೋಡಿಯೂ ನೋಡದವನಂತೆ ಮುಂದಕ್ಕೆ ಹೋಗಿಬಿಟ್ಟ.